ಬ್ಯಾಟರಿ ಸೈಕಲ್ ಮಾರ್ತೀರಿ, ರಿಪೇರಿ ಯಾರ ಮಾಡೂದ್ರೀ?

"ಹಳ್ಳಿ ಮಂದಿಗೆ ಮೇಂಟೆನೆನ್ಸ್ ಗೊತ್ತಾಗೂದಿಲ್ರೀ."

ಬ್ಯಾಟರಿ ಸೈಕಲ್ ಮಾರುವವರ ಬಾಯಲ್ಲಿ ಈ ಮಾತನ್ನು ನಾವು ಗದಗದಲ್ಲೂ ಕೇಳಿದ್ದೇವೆ, ಲಕ್ಷ್ಮೇಶ್ವರದಲ್ಲೂ ಕೇಳಿದ್ದೇವೆ. ಗಾಡಿ ನಿಂತರೆ ತಪ್ಪು ತಗೊಂಡವನದು. ಮಾರಿದವನದಲ್ಲ, ಮಾಡಿದವನದಂತೂ ಅಲ್ಲವೇ ಅಲ್ಲ.

ಯಾರಿಗ್ರೀ ಗೊತ್ತಾಗೂದಿಲ್ಲ? ಮುಂಡರಗಿ ಕಡೆಯ ರೈತ ಬೋರಿನ ಮೋಟಾರು ಸುಟ್ಟರೆ ಮೇಲೆತ್ತಿಸಿ, ವೈಂಡಿಂಗ್ ಮಾಡಿಸಿ, ಮತ್ತೆ ಇಳಿಸುತ್ತಾನೆ. ಬೆಟಗೇರಿಯ ನೇಕಾರ ಮಗ್ಗದ ಸಪ್ಪಳ ಕೇಳಿಯೇ ಎಲ್ಲಿ ಸಡಿಲಾಗಿದೆ ಅಂತ ಹೇಳುತ್ತಾನೆ. ಇವರಿಗೆ 250 ವ್ಯಾಟಿನ ಸೈಕಲ್ ಮೋಟಾರು ತಿಳಿಯುವುದಿಲ್ಲವೇ? ತಿಳಿಸಿದವರು ಯಾರು, ಅದನ್ನು ಮೊದಲು ಹೇಳಿ.

ದಪ್ಪ ಟಾಯರು, ಗೇರು, ಡಿಸ್ಕ್ ಬ್ರೇಕು, ಮುಂದೆ ಶಾಕಪ್ಸರ್ ಇರುವ ಈ ಸೈಕಲ್ಲನ್ನು ಗುಡ್ಡ ಹತ್ತುವ ಗಾಡಿ ಅಂತಲೇ ಮಾರುತ್ತಾರೆ. ಗುಡ್ಡವೇನೋ ನಮ್ಮಲ್ಲೇ ಇದೆ. ಗದಗ, ಶಿರಹಟ್ಟಿ, ಮುಂಡರಗಿ ತಾಲೂಕಿಗೆ ಹಬ್ಬಿದ ಕಪ್ಪತಗುಡ್ಡ. ಆದರೆ 2019ರಿಂದ ಅದು ವನ್ಯಜೀವಿ ಧಾಮ, ಮನಸ್ಸಿಗೆ ಬಂದ ಕಡೆ ಸೈಕಲ್ ಹೊಡೆಯಲು ಆಗುವುದಿಲ್ಲ. ನಮ್ಮವರಿಗೆ ಈ ಗಾಡಿ ಬೇಕಾಗಿರುವುದು ಹೊಲದ ದಾರಿಗೆ, ಹಾಲಿನ ಡೇರಿಗೆ, ಬಸ್ಸಿಲ್ಲದ ಊರಿಂದ ಕಾಲೇಜಿಗೆ. ಒಂದು ಸಲ ಚಾರ್ಜ್ ಮಾಡಲು ಅರ್ಧ ಯುನಿಟ್ಟೂ ಬೇಕಾಗುವುದಿಲ್ಲ. ಅದಕ್ಕೇ ಸಾಲ ಮಾಡಿಯಾದರೂ ತರುತ್ತಾರೆ.

ತಂದ ಮೇಲೆ ಮೊದಲ ಪಂಕ್ಚರ್. ಅಲ್ಲಿಂದ ಕಥೆ ಶುರು.

ಮೋಟಾರು ಹಿಂದಿನ ಚಕ್ರದ ಹಬ್ಬಿನೊಳಗೇ ಇರುತ್ತದೆ. ಅದರ ವಾಯರು ಅಚ್ಚಿನ ತುದಿಯಿಂದ ಹೊರಗೆ ಬರುತ್ತದೆ. ಊರಿನ ಸೈಕಲ್ ಶಾಪಿನವರು ವಾಯರ್ ನೋಡಿದ ಕೂಡಲೇ "ಇದು ನಮ್ಮ ಕೆಲಸ ಅಲ್ರೀ" ಅಂತ ಕೈ ಬಿಡುತ್ತಾರೆ. ಅವರನ್ನು ಬೈಯುವಂತಿಲ್ಲ. ಕೆಟ್ಟರೆ ದುಡ್ಡು ಕೊಡುವವರು ಅವರೇ ತಾನೇ? ಆದರೆ ಕೆಲಸ ಅಷ್ಟು ದೊಡ್ಡದಲ್ಲ. ಸಣ್ಣ ಪಂಕ್ಚರಿಗೆ ಚಕ್ರ ಬಿಚ್ಚುವುದೇ ಬೇಡ. ಟಾಯರಿನ ಒಂದು ಬದಿ ಎತ್ತಿ ಟ್ಯೂಬ್ ಹೊರಗೆಳೆದು, ಅಲ್ಲೇ ಪ್ಯಾಚ್ ಹಾಕಬಹುದು. ಬಿಚ್ಚಲೇಬೇಕಾದರೆ ಮೊದಲು ಗಾಡಿ ಆಫ್ ಮಾಡಿ, ವಾಯರಿನ ಜೋಡಣೆಯನ್ನು ತಿರುವದೆ ನೇರವಾಗಿ ಎಳೆದು ಬಿಡಿಸಬೇಕು. ನಟ್ಟಿನ ಜೊತೆ ಮೂಗಿನಂಥ ತುದಿ ಇರುವ ವಾಷರ್ ಬರುತ್ತದೆ. ಅಚ್ಚು ತಿರುಗದಂತೆ ಹಿಡಿಯುವುದು ಅದೇ. ಹೇಗೆ ಇತ್ತೋ ಹಾಗೆಯೇ ಕೂರಿಸಿ ನಟ್ ಬಿಗಿ ಮಾಡಬೇಕು. ವಾಷರ್ ಮರೆತರೆ ಏರಿನಲ್ಲಿ ಮೋಟಾರು ಜೋರು ಎಳೆದಾಗ ಅಚ್ಚೇ ತಿರುಗಿ ವಾಯರ್ ಹರಿಯುತ್ತದೆ. ಪಂಕ್ಚರಿನ ಖರ್ಚು ಹೋಗಿ ಮೋಟಾರಿನ ಖರ್ಚು ಬಂತು.

ಇಷ್ಟನ್ನು ಕನ್ನಡದಲ್ಲಿ ಒಂದು ಹಾಳೆ ಮೇಲೆ ಚಿತ್ರ ಸಮೇತ ಅಚ್ಚು ಹಾಕಿ ಕೊಡಲು ಕಂಪನಿಗೆ ಎಷ್ಟು ಖರ್ಚಾಗುತ್ತದೆ? ಗದಗಿನಲ್ಲಿ ಮುದ್ರಣಾಲಯಗಳಿಗೇನು ಬರವೇ?

ಇನ್ನು "ಮೋಟಾರು ಹೋತು" ಅನ್ನುವ ಮಾತು. ಬ್ರೇಕ್ ಹಿಡಿದರೆ ಮೋಟಾರು ನಿಲ್ಲಲಿ ಅಂತ ಬ್ರೇಕಿನ ಹಿಡಿಕೆಯಲ್ಲಿ ಒಂದು ಸಣ್ಣ ಸ್ವಿಚ್ ಇರುತ್ತದೆ. ಅದು ಸಿಕ್ಕಿಹಾಕಿಕೊಂಡರೆ ಗಾಡಿ ಸತ್ತಂತೆಯೇ ಕಾಣುತ್ತದೆ. ಪೆಡಲ್ ತಿರುಗಿದ್ದನ್ನು ಗುರುತಿಸುವ ಸೆನ್ಸರಿಗೆ ಎರಿ ಮಣ್ಣು ಮೆತ್ತಿ, ಅದರ ಮ್ಯಾಗ್ನೆಟ್ ಜರುಗಿದರೂ ಅಷ್ಟೇ. ಮಳೆಗಾಲದ ಎರಿ ಹೊಲದ ದಾರಿ ಹೇಗಿರುತ್ತದೆ ಅಂತ ನಿಮಗೆ ನಾವು ಹೇಳಬೇಕೇ? ಮಣ್ಣು ಒಣಗಿದ ಮೇಲೆ ಬ್ರಶ್ಶಿನಿಂದ ತೆಗೆದು, ಒದ್ದೆ ಬಟ್ಟೆಯಿಂದ ಒರೆಸಿ. ಸರ್ವಿಸ್ ಸ್ಟೇಶನ್ನಿನ ಜೋರು ನೀರು ಮಾತ್ರ ಬೇಡ. ಚೈನಿಗೆ ಎಣ್ಣೆ ಬಿಡುವಾಗ ಡಿಸ್ಕಿಗೆ ಒಂದು ಹನಿ ಸಿಡಿದರೂ ಬ್ರೇಕ್ ಹಿಡಿಯುವುದಿಲ್ಲ.

ಬ್ಯಾಟರಿ ವಿಷಯದಲ್ಲಿ ನಾವು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇವೆ. 36 ವೋಲ್ಟಿನ ಸಾಮಾನ್ಯ ಲಿಥಿಯಂ ಬ್ಯಾಟರಿ ಪೂರ್ತಿ ತುಂಬಿದಾಗ 42 ವೋಲ್ಟ್ ತೋರಿಸುತ್ತದೆ, ಅದರ ಚಾರ್ಜರ್ ಮೇಲೂ 42 ಅಂತಲೇ ಇರುತ್ತದೆ. "36 ಅಂದ್ರ 36, ಇದೂ ನಡೀತೈತಿ" ಅಂತ ಹಳೇ ಸೀಸದ ಬ್ಯಾಟರಿಯ ಚಾರ್ಜರ್ ಕೊಡುವವರಿದ್ದಾರೆ. ಅದು 42 ದಾಟಿ ಹೋಗುತ್ತದೆ, ಬೆಂಕಿಗೆ ಕಾರಣವಾಗಬಹುದು. ಏಪ್ರಿಲ್ ಬಿಸಿಲಲ್ಲಿ ನಿಂತ ಗಾಡಿಯನ್ನು ತಂದ ಕೂಡಲೇ ಚಾರ್ಜಿಗೆ ಹಾಕಬೇಡಿ, ಆರಲಿ. ತಗಡಿನ ಶೆಡ್ಡಿನಲ್ಲಿ ಬ್ಯಾಟರಿ ಇಡಬೇಡಿ. ಮಲಗುವ ಜಾಗದಲ್ಲಿ, ಹೊಟ್ಟು ಮೇವಿನ ಪಕ್ಕದಲ್ಲಿ ರಾತ್ರಿಯಿಡೀ ಚಾರ್ಜ್ ಮಾಡಲೇಬೇಡಿ. ಉಬ್ಬಿದ ಬ್ಯಾಟರಿಯನ್ನು ಯಾರು ಏನೇ ಹೇಳಿದರೂ ಬಿಚ್ಚಬೇಡಿ.

ಈಗ ಕಂಪನಿಗಳಿಗೆ ಬರೋಣ. ಬ್ಯಾಟರಿ ಕೆಟ್ಟರೆ "ಕೊರಿಯರ್ ಮಾಡಿ" ಅನ್ನುತ್ತಾರೆ. ಸಾಗಾಟದ ನಿಯಮದಲ್ಲಿ ಲಿಥಿಯಂ ಬ್ಯಾಟರಿ ಅಪಾಯಕಾರಿ ವಸ್ತುಗಳ ಪಟ್ಟಿಯಲ್ಲಿದೆ. ಊರಿನ ಕೊರಿಯರ್‌ನವರು ಮುಟ್ಟುವುದಿಲ್ಲ. ಇಲ್ಲವೇ "ಹುಬ್ಬಳ್ಳಿಗೆ ತಂದುಬಿಡ್ರೀ." ಗದಗದಿಂದಲೇ ಹುಬ್ಬಳ್ಳಿ ಅರವತ್ತು ಕಿಲೋಮೀಟರ್ ಸಮೀಪ. ಮುಂಡರಗಿಯವನು ಕೆಟ್ಟ ಸೈಕಲ್ಲನ್ನು ಬಸ್ಸಿನ ಟಾಪಿಗೆ ಏರಿಸಿ, ಒಂದು ದಿನದ ಕೂಲಿ ಬಿಟ್ಟು ಹೋಗಬೇಕು. ಊರಲ್ಲಿ ಬಿಚ್ಚಿಸಿದರೆ ವಾರಂಟಿ ಹೋಯಿತು ಅಂತ ಬೆದರಿಕೆ ಬೇರೆ.

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲೇ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿತು, ಪೋರ್ಟಲ್ಲನ್ನೂ ತೆರೆಯಿತು. ಆ ಹಕ್ಕು ಇನ್ನೂ ನಮ್ಮ ಶಿರಹಟ್ಟಿ ಬಸ್ಸು ಹತ್ತಿದಂತೆ ಕಾಣುವುದಿಲ್ಲ. ಅದೇ ವರ್ಷದ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಸತ್ತ ಬ್ಯಾಟರಿಗಳ ಸಂಗ್ರಹ, ವಿಲೇವಾರಿಯ ಜವಾಬ್ದಾರಿ ತಯಾರಕರದು. ಗುಜರಿಯವನಿಗೆ ಕೊಡುವ ಮೊದಲು ಮಾರಿದವರನ್ನು ಕೇಳಿ.

ಐಟಿಐಗಳಲ್ಲಿ ಈಗ ಎಲೆಕ್ಟ್ರಿಕ್ ವಾಹನ ಮೆಕ್ಯಾನಿಕ್ ಅನ್ನುವ ಟ್ರೇಡೇ ಇದೆ. ಊರೂರಿನ ಪಂಕ್ಚರ್ ಅಂಗಡಿಯವರಿಗೆ ಎರಡು ದಿನದ ತರಬೇತಿ ಕೊಟ್ಟು, ಸ್ವಿಚ್ಚು, ಸೆನ್ಸರು, ಕಂಟ್ರೋಲರು ತಾಲೂಕಿನ ಅಂಗಡಿಯಲ್ಲಿ ಸಿಗುವಂತೆ ಮಾಡಲು ಕಂಪನಿಗಳಿಗೆ ಆಗದ ಕೆಲಸವೇ? ಮಾರಲು ಬರುವ ದಾರಿ ರಿಪೇರಿಗೆ ಯಾಕೆ ಸಿಗುವುದಿಲ್ಲ?

ಒಂದು ಮಾತು ನಮ್ಮ ಹುಡುಗರಿಗೂ. 250 ವ್ಯಾಟಿನ ಒಳಗೆ, 25 ಕಿಲೋಮೀಟರ್ ವೇಗದ ಒಳಗೆ ಇದ್ದರೇನೇ ಅದು ಸೈಕಲ್. ವಾಯರ್ ಕಿತ್ತು ವೇಗ ಹೆಚ್ಚಿಸಿದರೆ ಕಾನೂನಿನ ಕಣ್ಣಿಗೆ ಅದು ಮೋಟಾರು ವಾಹನ. ನೋಂದಣಿ, ಲೈಸೆನ್ಸ್, ವಿಮೆ ಎಲ್ಲವೂ ಬೇಕು. ಕಂಪನಿಗೂ ವಾರಂಟಿ ತಪ್ಪಿಸಲು ಅಷ್ಟೇ ಸಾಕು.

ತಗೊಳ್ಳುವವರು ದುಡ್ಡು ಎಣಿಸುವ ಮೊದಲು ಅಂಗಡಿಯವರಿಂದ ಬಿಲ್ಲಿನ ಮೇಲೆ ಬರೆಸಿಕೊಳ್ಳಿ: ರಿಪೇರಿ ಯಾವ ಊರಲ್ಲಿ, ಎಷ್ಟು ದಿನದಲ್ಲಿ, ಹೊಸ ಬ್ಯಾಟರಿಗೆ ಇವತ್ತಿನ ರೇಟು ಎಷ್ಟು. ಬರೆದುಕೊಟ್ಟು ಕೈಕೊಟ್ಟರೆ 1915ಕ್ಕೆ ಫೋನ್ ಮಾಡಿ, ಇಲ್ಲವೇ ಗದಗಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಿ. 2019ರ ಕಾಯ್ದೆಯಂತೆ ಕಂಪನಿ ಎಲ್ಲೇ ಇರಲಿ, ನಿಮ್ಮ ಜಿಲ್ಲೆಯಲ್ಲೇ ದೂರು ಕೊಡಬಹುದು. ಬರೆದು ಕೊಡುವುದಿಲ್ಲ ಅಂದರೆ ದುಡ್ಡು ಕಿಸೆಯಲ್ಲೇ ಇರಲಿ, ಮುಂದಿನ ಅಂಗಡಿಗೆ ನಡೆಯಿರಿ.