ನರಗಂಟು: ತಾಲ್ಲೂಕಿನಲ್ಲೇ ಬೇಕು ಎಚ್ಚರ

ಮೈಮೇಲೆ ಕಂದು ಮಚ್ಚೆ, ನರಗಳಲ್ಲಿ ಗಂಟು: ಸುಮಾರು 3,000 ಶಿಶುಗಳಲ್ಲಿ ಒಂದಕ್ಕೆ ಬರುವ ವಂಶವಾಹಿ ಕಾಯಿಲೆ ನ್ಯೂರೋಫೈಬ್ರೊಮಟೋಸಿಸ್-1ರ ಲಕ್ಷಣಗಳಿವು. ಬಹುತೇಕ ಗಂಟುಗಳು ಅಪಾಯಕಾರಿಯಲ್ಲ. ಆದರೆ ಶೇ. 8ರಿಂದ 13ರಷ್ಟು ರೋಗಿಗಳಲ್ಲಿ ಜೀವಿತಾವಧಿಯಲ್ಲಿ ನರಕವಚದ ಕ್ಯಾನ್ಸರ್ ತಲೆದೋರುತ್ತದೆ.

ಕೆಟ್ಟ ಗಂಟನ್ನು ಗುರುತಿಸಲು ಪೆಟ್ ಸ್ಕ್ಯಾನ್ ನೆರವಾಗುತ್ತದೆ. ವಿಕಿರಣಶೀಲ ಫ್ಲೋರಿನ್-18 ಸೇರಿಸಿದ ಗ್ಲೂಕೋಸನ್ನು ಕ್ಯಾನ್ಸರ್ ಕೋಶಗಳು ಹೆಚ್ಚಾಗಿ ಹೀರಿಕೊಳ್ಳುತ್ತವೆ. ಅಂತಿಮ ನಿರ್ಣಯಕ್ಕೆ ಬಯಾಪ್ಸಿಯೇ ಆಧಾರ.

ಈ ಫ್ಲೋರಿನ್ ಸುಮಾರು 110 ನಿಮಿಷಗಳಲ್ಲಿ ಅರ್ಧದಷ್ಟು ಕ್ಷಯಿಸುವುದರಿಂದ ಈ ಸೌಲಭ್ಯ ದೊಡ್ಡ ನಗರಗಳ ಆಸುಪಾಸಿನಲ್ಲೇ ಹೆಚ್ಚು. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಿಗೆ ಯಂತ್ರಕ್ಕಿಂತ ಮೊದಲು ಬೇಕಾದದ್ದು ಎಚ್ಚರ. ಗಂಟು ದಿಢೀರನೆ ಬೆಳೆದರೆ, ಗಡುಸಾದರೆ, ನೋವು ಬಿಡದಿದ್ದರೆ ತಾಲ್ಲೂಕು ವೈದ್ಯರು ರೋಗಿಯನ್ನು ತಡಮಾಡದೆ ತಜ್ಞರಲ್ಲಿಗೆ ಕಳುಹಿಸಬೇಕು. ಪ್ರಯಾಣದ ವೆಚ್ಚಕ್ಕೂ ಸರ್ಕಾರ ದಾರಿ ತೋರಬೇಕು.