ಯುದ್ಧ ಮುಗಿದರೂ ತೀರದ ಲೆಕ್ಕ

ಹೊಸಪೇಟೆ: ಯುದ್ಧ ಯಾರು ಗೆದ್ದರು ಎಂಬುದು ಶಾಸನಗಳಲ್ಲಿ ಸಿಗುತ್ತದೆ, ಅದರ ಖರ್ಚನ್ನು ಯಾರು ಕೊಟ್ಟರು ಎಂಬುದನ್ನು ಹುಡುಕಬೇಕಾಗುತ್ತದೆ. ದಶಕಗಳ ಕಾಲ ಸೇನೆಯನ್ನು ಸಜ್ಜಾಗಿಟ್ಟುಕೊಂಡಿದ್ದ ವಿಜಯನಗರದ ಆರ್ಥಿಕ ವ್ಯವಸ್ಥೆ ಈ ದೃಷ್ಟಿಯಿಂದ ಇಂದಿಗೂ ಅಧ್ಯಯನಯೋಗ್ಯ.

ಅರಸರು ಸೈನ್ಯದ ಬಹುಪಾಲು ವೆಚ್ಚವನ್ನು ಬೊಕ್ಕಸದಿಂದ ನೇರವಾಗಿ ಕೊಡುತ್ತಿರಲಿಲ್ಲ. ಅಮರನಾಯಕರಿಗೆ ಸೀಮೆಗಳನ್ನು ವಹಿಸಿ, ಅದರ ಹುಟ್ಟುವಳಿಯಿಂದ ನಿಗದಿತ ಸಂಖ್ಯೆಯ ಕಾಲಾಳು, ಕುದುರೆ, ಆನೆಗಳನ್ನು ಸಾಕುವ ಹೊಣೆ ಹೊರಿಸಲಾಗಿತ್ತು. 1530ರ ದಶಕದಲ್ಲಿ ಬರೆದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಪ್ರಕಾರ, ನಾಯಕರು ತಮ್ಮ ಆದಾಯದ ಅರ್ಧವನ್ನು ಅರಸನಿಗೆ ಒಪ್ಪಿಸಿ, ಉಳಿದರ್ಧದಲ್ಲಿ ಪಡೆಯನ್ನು ಪೋಷಿಸುತ್ತಿದ್ದರು. ಅರಸನು ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದೂ, ರಾಜಧಾನಿಯ ಪ್ರಮುಖ ದ್ವಾರವೊಂದರ ಸುಂಕ ವಸೂಲಿಯನ್ನು 12,000 ವರಹಗಳಿಗೆ ಗುತ್ತಿಗೆ ಕೊಡಲಾಗಿತ್ತೆಂದೂ ಆತ ದಾಖಲಿಸಿದ್ದಾನೆ.

ಈ ವ್ಯವಸ್ಥೆಯ ಅನುಕೂಲ ಸ್ಪಷ್ಟ: ಅರಮನೆಯ ಲೆಕ್ಕದಲ್ಲಿ ಯುದ್ಧದ ಪೂರ್ಣ ವೆಚ್ಚ ಕಾಣಿಸುತ್ತಿರಲಿಲ್ಲ. ಭಾರ ನಾಯಕನಿಂದ ರೈತನಿಗೆ ಇಳಿಯುತ್ತಿತ್ತು. ಬೆಳೆಯ ಹತ್ತರಲ್ಲಿ ಒಂಬತ್ತು ಪಾಲು ಒಡೆಯನ ಪಾಲಾಗುತ್ತಿತ್ತೆಂಬ ನೂನಿಜನ ಮಾತು ಉತ್ಪ್ರೇಕ್ಷೆಯಿರಬಹುದು. ಆದರೆ ಹೊರೆ ಯಾರ ಹೆಗಲ ಮೇಲಿತ್ತು ಎಂಬುದರಲ್ಲಿ ಅನುಮಾನವಿಲ್ಲ.

ಅರಸರ ಬಳಿ ಉಳಿತಾಯವೂ ಇತ್ತು. ಪ್ರತಿ ಅರಸನ ಭಂಡಾರವನ್ನೂ ಆತನ ಮರಣಾನಂತರ ಮುದ್ರೆಯೊತ್ತಿ ಇಡಲಾಗುತ್ತಿತ್ತು, ತೀರಾ ಅಗತ್ಯ ಬಿದ್ದಾಗಲಷ್ಟೇ ತೆರೆಯಲಾಗುತ್ತಿತ್ತು ಎಂದು ಕೃಷ್ಣದೇವರಾಯನ ಕಾಲದಲ್ಲಿ ಬಂದಿದ್ದ ಪಾಯೆಸ್ ಬರೆದಿದ್ದಾನೆ.

1565ರ ಜನವರಿಯಲ್ಲಿ ರಕ್ಕಸತಂಗಡಿಯ ಸೋಲಿನೊಂದಿಗೆ ಇದೆಲ್ಲ ಕುಸಿಯಿತು. ತಿರುಮಲರಾಯ ಭಂಡಾರದ ಸಂಪತ್ತನ್ನು ಆನೆಗಳ ಮೇಲೆ ಹೇರಿಕೊಂಡು ಪೆನುಕೊಂಡೆಯತ್ತ ಸಾಗಿದ. ಎರಡು ವರ್ಷಗಳ ನಂತರ ಹಂಪಿಗೆ ಬಂದ ಇಟಲಿಯ ವ್ಯಾಪಾರಿ ಫ್ರೆಡರಿಕಿ ಗಮನಾರ್ಹ ಸಂಗತಿಯೊಂದನ್ನು ಹೇಳುತ್ತಾನೆ. ಒಳ್ಳೆಯ ಬೆಲೆಯ ಭರವಸೆ ನಂಬಿ ಕುದುರೆ ತಂದ ವ್ಯಾಪಾರಿಗಳಿಂದ ಅರಸ ಕುದುರೆಗಳನ್ನು ಪಡೆದು, ಹಣ ಕೊಡದೆ ಕಳುಹಿಸಿಬಿಟ್ಟ. ಸೈನ್ಯದ ಜೊತೆಗೆ ಸಾಲಕ್ಕೆ ಬೇಕಾದ ನಂಬಿಕೆಯೂ ನಷ್ಟವಾಗಿತ್ತು.

ಇಂದಿನ ಸರ್ಕಾರಗಳು ಭಾರವನ್ನು ನಾಯಕರ ಬದಲು ಮುಂದಿನ ವರ್ಷಗಳಿಗೆ ವರ್ಗಾಯಿಸುತ್ತವೆ. ಅಮೆರಿಕ 2001ರ ನಂತರದ ಯುದ್ಧಗಳನ್ನು ಬಹುಪಾಲು ಸಾಲದಿಂದಲೇ ನಡೆಸಿತು. ಹಲವು ವರ್ಷ ಹಣವನ್ನು ಮೂಲ ಬಜೆಟ್ಟಿನ ಹೊರಗೆ ತುರ್ತು ಅನುದಾನವಾಗಿ ಪಡೆಯಿತು. ನಿವೃತ್ತ ಯೋಧರ ಮುಂದಿನ ಆರೈಕೆಯೂ ಸೇರಿ ಒಟ್ಟು ವೆಚ್ಚ ಸುಮಾರು 8 ಲಕ್ಷ ಕೋಟಿ ಡಾಲರ್ ಎಂದು ಬ್ರೌನ್ ವಿಶ್ವವಿದ್ಯಾಲಯದ ಅಧ್ಯಯನ 2021ರಲ್ಲಿ ಅಂದಾಜಿಸಿತು.

ಭಾರತದಲ್ಲಿ 1971ರ ನವೆಂಬರ್‌ನಿಂದ ಅಂಚೆಗೆ ಕಡ್ಡಾಯವಾಗಿದ್ದ 5 ಪೈಸೆಯ ನಿರಾಶ್ರಿತರ ಪರಿಹಾರ ಚೀಟಿಯನ್ನು ಪ್ರತಿ ಪತ್ರದ ಮೇಲೂ ಜನ ಕಣ್ಣಾರೆ ಕಂಡಿದ್ದರು. ಈಗಿನ ವೆಚ್ಚ ಅಷ್ಟು ಸುಲಭವಾಗಿ ಕಾಣುವುದಿಲ್ಲ. 2025-26ರ ರಕ್ಷಣಾ ಬಜೆಟ್ 6.81 ಲಕ್ಷ ಕೋಟಿ ರೂಪಾಯಿಯಲ್ಲಿ ಸುಮಾರು 1.61 ಲಕ್ಷ ಕೋಟಿ ಪಿಂಚಣಿಗೇ ಮೀಸಲು. 2022ರ ಅಗ್ನಿಪಥ ಯೋಜನೆಯಲ್ಲಿ ನಾಲ್ಕು ವರ್ಷಗಳ ಬಳಿಕ ಹೊರಬರುವವರಿಗೆ ಪಿಂಚಣಿ ಇಲ್ಲ. ಇಲ್ಲಿಯೂ ಪ್ರಶ್ನೆ ಅದೇ: ಭಾರ ಇಳಿಯಿತೇ, ಅಥವಾ ಹೆಗಲು ಬದಲಾಯಿತೇ?

ಖರ್ಚು ಕಣ್ಣಿಗೆ ಬಿದ್ದಾಗ ಜನ ಪ್ರಶ್ನಿಸುತ್ತಾರೆ. ಸರ್ಕಾರಗಳಿಗೆ ಅದು ಅನಾನುಕೂಲವಾದರೂ, ಯುದ್ಧ ಎಷ್ಟು ಕಾಲ ನಡೆಯಬೇಕೆಂಬ ತೀರ್ಮಾನಕ್ಕೆ ಆ ಪ್ರಶ್ನೆ ಅಗತ್ಯ.