ಅನುಭವ ಕೇಳುವವರೇ, ಅನುಭವ ಕೊಡಿ

ಪೀಣ್ಯದ ಯಾವ ಅಡ್ಡರಸ್ತೆಗೆ ಹೋದರೂ ಶೆಡ್ಡುಗಳ ಗೇಟಿಗೆ ಬೋರ್ಡು ಕಟ್ಟಿರುತ್ತಾರೆ: ಟರ್ನರ್ ಬೇಕಾಗಿದ್ದಾರೆ, ಸಿಎನ್‌ಸಿ ಆಪರೇಟರ್ ಬೇಕಾಗಿದ್ದಾರೆ, ಅನುಭವ ಉಳ್ಳವರಿಗೆ ಆದ್ಯತೆ. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲೂ ಬೆಳಗಾವಿಯ ಉದ್ಯಮಬಾಗದಲ್ಲೂ ಮಾತು ಇದೇ. ಐಟಿಐ ಮುಗಿಸಿದ ಹುಡುಗನೊಬ್ಬ ಪ್ಲಾಸ್ಟಿಕ್ ಕವರಿನಲ್ಲಿ ಮಾರ್ಕ್ಸ್ ಕಾರ್ಡ್ ಹಿಡಿದು ಆ ಗೇಟಿಗೆ ಬಂದರೆ ಮೊದಲ ಪ್ರಶ್ನೆ, 'ಎಕ್ಸ್‌ಪೀರಿಯೆನ್ಸ್ ಇದೆಯಾ?' ಇಲ್ಲ ಅಂದರೆ ಅಲ್ಲಿಗೆ ಮುಗಿಯಿತು. ಮಾಲೀಕರೇ, ನೀರಿಗಿಳಿಯದೆ ಈಜು ಕಲಿತು ಬಾ ಅನ್ನುತ್ತಿದ್ದೀರಿ. ಒಳಗೆ ಕೂತು, 'ಈಗಿನ ಹುಡುಗರಿಗೆ ಕೆಲಸ ಬರಲ್ಲ' ಎಂದು ಗೊಣಗುವವರೂ ನೀವೇ.

ನಿಮಗೆ ಕೆಲಸ ಬಂದದ್ದು ಎಲ್ಲಿಂದ? 1953ರಲ್ಲಿ ಹುಟ್ಟಿದ ಎಚ್‌ಎಂಟಿ, ಜೊತೆಗೆ ಬಿಇಎಲ್, ಎಚ್‌ಎಎಲ್ ತರಬೇತಿ ಶಾಲೆಗಳಲ್ಲಿ ಪೀಣ್ಯದ ಎಷ್ಟೋ ಹಿರಿಯರು ಫೈಲ್ ಹಿಡಿಯುವುದರಿಂದ ಶುರುಮಾಡಿದವರು. ಕಬ್ಬಿಣದ ತುಂಡನ್ನು ವೈಸ್‌ಗೆ ಕಚ್ಚಿಸಿ ವಾರಗಟ್ಟಲೆ ಉಜ್ಜುವುದು. ಟ್ರೈ ಸ್ಕ್ವೇರ್ ಇಟ್ಟು ಬೆಳಕಿಗೆ ಹಿಡಿದಾಗ ಸಂದಿಯಲ್ಲಿ ಗೆರೆಯಷ್ಟು ಬೆಳಕು ಕಂಡರೂ ಮತ್ತೆ ಉಜ್ಜುವುದು. ಕೆಡಿಸಿದ ತುಂಡುಗಳ ಲೆಕ್ಕವನ್ನು ನಿಮ್ಮ ಸ್ಟೈಪೆಂಡಿನಲ್ಲಿ ಯಾರೂ ಮುರಿದುಕೊಳ್ಳಲಿಲ್ಲ. ಆ ಖರ್ಚು ಕೊಟ್ಟದ್ದು ಈ ದೇಶದ ತೆರಿಗೆದಾರರು. ಅಲ್ಲಿ ಕಲಿತವರು ಹೊರಗೆ ಬಂದು ಒಂದು ಲೇತ್ ಹಾಕಿ ಶೆಡ್ ತೆರೆದರು, ಇಡೀ ಪ್ರದೇಶ ಬೆಳೆಯಿತು. ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆ ಮುಚ್ಚಿದಾಗ ಎಲ್ಲರೂ ಗಡಿಯಾರಕ್ಕಾಗಿ ಮರುಗಿದರು. ಇಂಥ ಕಾರ್ಖಾನೆಗಳ ಜೊತೆ ಕಲಿಸುವ ಜಾಗಗಳೂ ಕರಗುತ್ತಿವೆ ಎಂದು ಮರುಗಿದವರು ಕಡಿಮೆ. ಆ ಜಾಗ ಈಗ ನಿಮ್ಮ ಶೆಡ್ಡೇ ಆಗಬೇಕು.

ಮೊದಲು ಶಾಲೆಯ ಮಕ್ಕಳಿಂದ ಶುರುಮಾಡಿ. ಹತ್ತನೇ ತರಗತಿ ಮುಗಿದ ಎರಡು ತಿಂಗಳಲ್ಲಿ ವಿಜ್ಞಾನವೋ ವಾಣಿಜ್ಯವೋ ಐಟಿಐಯೋ ಎಂದು ತೀರ್ಮಾನಿಸಬೇಕಾದ ಮಗು ಟೀಚರ್, ಪೊಲೀಸ್, ಡಾಕ್ಟರ್ ಬಿಟ್ಟರೆ ಬೇರೆ ಕೆಲಸ ಮಾಡುವವರನ್ನು ಹತ್ತಿರದಿಂದ ಕಂಡೇ ಇರುವುದಿಲ್ಲ. ಒಂಬತ್ತನೇ ತರಗತಿಯವರನ್ನು ಒಂದು ದಿನ ಒಳಗೆ ಕರೆಯಿರಿ. ಆದರೆ ಹಾರ ಹಾಕಿಸಿಕೊಂಡು, ಎಂಡಿ ಚೇಂಬರ್ ತೋರಿಸಿ, ಬಿಸ್ಕೆಟ್ ಹಂಚಿ, ಗ್ರೂಪ್ ಫೋಟೋ ತೆಗೆಸಿ ಕಳಿಸುವುದಾದರೆ ಬೇಡ. ಕ್ವಾಲಿಟಿಯಲ್ಲಿ ಕೂತ ಹೆಣ್ಣುಮಗಳು ವರ್ನಿಯರ್ ಹಿಡಿದು ಒಂದು ಜಾಬನ್ನು ಏಕೆ ರಿಜೆಕ್ಟ್ ಮಾಡಿದಳು ಎಂದು ಅವಳ ಬಾಯಿಂದಲೇ ಕೇಳಿಸಿ. ಸ್ಟೋರ್ ಕೀಪರ್ ಏನು ಬರೆದುಕೊಳ್ಳುತ್ತಾನೆ, ಡಿಸ್ಪ್ಯಾಚಿನವನಿಗೆ ಸಂಜೆ ಐದಕ್ಕೆ ಏಕೆ ತಲೆಕೆಡುತ್ತದೆ, ಡ್ರಾಯಿಂಗಿನಲ್ಲಿರುವ ಗೆರೆ ಮೆಷಿನ್ನಿನ ಮೇಲೆ ಹೇಗೆ ಉಕ್ಕಾಗುತ್ತದೆ, ನೋಡಲಿ. ಆಪರೇಟರಿಗೆ ಸಂಬಳ ಎಷ್ಟು, ನೈಟ್ ಶಿಫ್ಟ್ ಮಾಡಿದ ಮರುದಿನ ಮೈ ಹೇಗಿರುತ್ತದೆ ಎಂದು ಮಕ್ಕಳು ಕೇಳಿದರೆ ಬಾಯಿ ಮುಚ್ಚಿಸಬೇಡಿ. 'ಈ ಕೆಲಸ ನನಗಲ್ಲ' ಎಂದು ಹದಿನಾಲ್ಕನೇ ವಯಸ್ಸಿನಲ್ಲೇ ಒಬ್ಬಳಿಗೆ ಗೊತ್ತಾದರೂ ಆ ಭೇಟಿ ಸಾರ್ಥಕವೇ. ನೋಡಲು ಬಂದ ಮಕ್ಕಳ ಕೈಯಲ್ಲಿ ಮಾತ್ರ ಕೆಲಸ ಮಾಡಿಸಕೂಡದು. ಅದು ಬಾಲಕಾರ್ಮಿಕತನ, ಪ್ರವಾಸವಲ್ಲ.

ಐಟಿಐ, ಡಿಪ್ಲೊಮಾ ಮುಗಿಸಿದವರ ವಿಷಯದಲ್ಲಿ ನಾನು ಬೇಡಿಕೊಳ್ಳುವ ಅಗತ್ಯವೇ ಇಲ್ಲ, ಕಾನೂನೇ ಇದೆ. 1961ರ ಅಪ್ರೆಂಟಿಸ್ ಕಾಯ್ದೆಯ ನಿಯಮಗಳ ಪ್ರಕಾರ, ಗುತ್ತಿಗೆಯವರೂ ಸೇರಿ 30 ಜನಕ್ಕಿಂತ ಕಡಿಮೆಯಿಲ್ಲದ ಸಂಸ್ಥೆ ತನ್ನ ಸಿಬ್ಬಂದಿಯ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ನಾಲ್ಕೇ ಜನರಿರುವ ಶೆಡ್ಡು ಕೂಡ ಮನಸ್ಸಿದ್ದರೆ ತೆಗೆದುಕೊಳ್ಳಬಹುದು. ಸ್ಟೈಪೆಂಡಿನ ಕಾಲುಭಾಗವನ್ನು, ತಿಂಗಳಿಗೆ 1,500 ರೂಪಾಯಿಯವರೆಗೆ, ಕೇಂದ್ರ ಸರ್ಕಾರದ ಯೋಜನೆ ಭರಿಸುತ್ತದೆ. ಇತ್ತ ರಾಜ್ಯದ ಯುವನಿಧಿ ನಿರುದ್ಯೋಗಿ ಪದವೀಧರರಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ ಕೊಡುತ್ತಿದೆ. ದುಡ್ಡನ್ನು ಸರ್ಕಾರ ಖಾತೆಗೆ ಹಾಕಬಹುದು, ಮೆಷಿನ್ನಿನ ಪಕ್ಕ ನಿಲ್ಲಿಸಿ ಕಲಿಸಲಾರದು.

ಕಾಗದದ ಮೇಲೆ ಅಪ್ರೆಂಟಿಸ್, ನಿಜದಲ್ಲಿ ಅಗ್ಗದ ಕೂಲಿ: ಈ ವ್ಯವಹಾರ ನಿಮಗೂ ಗೊತ್ತು, ನನಗೂ ಗೊತ್ತು. ವರ್ಷವಿಡೀ ಒಂದೇ ಮೆಷಿನ್ನಿನ ಮುಂದೆ ನಿಲ್ಲಿಸುವುದು, ಅವಧಿ ಮುಗಿದ ಮರುದಿನ ಹೊಸ ಬ್ಯಾಚ್ ತರುವುದು. ನಿನ್ನೆ ಬಂದವನನ್ನು ಗಾರ್ಡ್ ಇಲ್ಲದ ಪವರ್ ಪ್ರೆಸ್ಸಿಗೆ ಕೂರಿಸುತ್ತೀರಲ್ಲ, ಅವನ ಬೆರಳು ಹೋದರೆ ಮನೆಯವರಿಗೆ ಏನು ಹೇಳುತ್ತೀರಿ? ಇನ್ನು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಂದಲೇ ಫೀಸು ಪಡೆದು, ಒಂದು ದಿನವೂ ಒಳಗೆ ಬಿಡದೆ ಇಂಟರ್ನ್‌ಶಿಪ್ ಸರ್ಟಿಫಿಕೇಟ್ ಮಾರುವವರಿಗೆ ಹೇಳುವುದಿಷ್ಟೇ: ನಿಮ್ಮದು ಕಂಪನಿಯಲ್ಲ, ಮುದ್ರಣಾಲಯ.

'ಕಲಿಸಿದ ಮೇಲೆ ಬಿಟ್ಟು ಹೋಗ್ತಾರೆ ಸಾರ್, ಪಕ್ಕದವನು ಎರಡು ಸಾವಿರ ಜಾಸ್ತಿ ಕೊಟ್ರೆ ಸಾಕು.' ಹೋಗುತ್ತಾರೆ. ನೀವೂ ಎಚ್‌ಎಂಟಿ ಬಿಟ್ಟು ಬಂದವರೇ ತಾನೆ? ಪಕ್ಕದವನೂ ಕಲಿಸಿದರೆ ಅವನ ಹುಡುಗ ನಿಮ್ಮಲ್ಲಿಗೂ ಬರುತ್ತಾನೆ. ಯಾರೂ ಕಲಿಸದಿದ್ದರೆ ಇರುವ ನಾಲ್ಕು ಟರ್ನರುಗಳನ್ನೇ ಎಳೆದಾಡಿಕೊಂಡು ಎಲ್ಲರೂ ಸಂಬಳ ಏರಿಸುತ್ತಾ ಕೂರಬೇಕು, ಈಗ ಮಾಡುತ್ತಿರುವುದೂ ಅದನ್ನೇ.

ನಾಳೆ ಬೆಳಿಗ್ಗೆ ನಿಮ್ಮ ಶೆಡ್ಡಿಗೆ ಹತ್ತಿರದ ಸರ್ಕಾರಿ ಪ್ರೌಢಶಾಲೆಯ ಮುಖ್ಯಶಿಕ್ಷಕರಿಗೆ ಫೋನ್ ಮಾಡಿ. ವ್ಯಾನಿನ ಖರ್ಚು ನಮ್ಮದು, ಊಟ ನಮ್ಮ ಕ್ಯಾಂಟೀನಿನಲ್ಲಿ ಎನ್ನಿ. ಹೆಣ್ಣುಮಕ್ಕಳಿಗೆ ಶೌಚಾಲಯ ಸರಿಯಿದೆಯೇ ಎಂದು ಅದಕ್ಕೂ ಮೊದಲು ನೀವೇ ಹೋಗಿ ನೋಡಿ ಬನ್ನಿ. ಯಾರನ್ನು ಕಳಿಸಲಿ ಎಂದು ಅವರು ಕೇಳುತ್ತಾರೆ, ಸಾಮಾನ್ಯವಾಗಿ ರ‍್ಯಾಂಕಿನವರನ್ನೇ ಆರಿಸುತ್ತಾರೆ. ಕ್ಲಾಸಿಗೆ ಕ್ಲಾಸೇ ಬರಲಿ, ಗಣಿತದಲ್ಲಿ ಫೇಲಾದವರೂ ಬರಲಿ ಎಂದು ಹೇಳಿ.